ಫೋನು ತಿರುಗಿಸಿದವರು ಶಿವಲೀಲಾ ಅಕ್ಕ

ಆ ಉತ್ತರ ನನ್ನದಲ್ಲ. ಒಂಬತ್ತು ವರ್ಷಗಳ ಹಿಂದೆ ಬೈಲಹೊಂಗಲದ ಒಂದು ಸಂದರ್ಶನದಲ್ಲಿ ನನಗೆ ಕೆಲಸ ಕೊಡಿಸಿದ ಉತ್ತರ — ಆಮೇಲೆ ಕಿತ್ತೂರಿನ ಭಾನುವಾರದ ತರಗತಿಯಲ್ಲಿ ವರ್ಷ ವರ್ಷವೂ ನನ್ನದೆಂದೇ ಹೇಳಿಕೊಂಡು ಬಂದ ಉತ್ತರ — ಚಚಡಿಯ ಶಿವಲೀಲಾ ಅವರದು. ಅವರು ಅದನ್ನು ನನಗೆ ಹೇಳಿ ಒಂದು ತಾಸೂ ಆಗಿರಲಿಲ್ಲ, ನಾನು ಅದನ್ನು ಕದ್ದೆ. ಕದ್ದದ್ದಷ್ಟೇ ಅಲ್ಲ, ಅವರೇ ನನ್ನಿಂದ ಕದ್ದವರೆಂದು ಬೇರೆಯವರು ನಂಬುವಂತೆ ಮಾಡಿದೆ.

ನೆನಪಿರುವಷ್ಟನ್ನೇ ಬರೆಯುತ್ತೇನೆ. ನೆನಪಿಲ್ಲದಲ್ಲಿ ನೆನಪಿಲ್ಲ ಎನ್ನುತ್ತೇನೆ. ಇಷ್ಟು ವರ್ಷ ಬೇಕಾದಂತೆ ತಿದ್ದಿಕೊಂಡ ನೆನಪು ಇದು — ಅದಕ್ಕೇ ಈ ಎಚ್ಚರ.

ಮೊಬೈಲ್ ಆ್ಯಪ್ ತಯಾರಿಸುವ ಸಣ್ಣ ಕಂಪನಿಯೊಂದು ಬೈಲಹೊಂಗಲದಲ್ಲಿ ಶಾಖೆ ತೆರೆಯುತ್ತಿತ್ತು. ಬೇಕಾದವರು ಒಬ್ಬರೇ. ಬೆಳಿಗ್ಗೆ ಲಿಖಿತ ಪರೀಕ್ಷೆ; ಮಧ್ಯಾಹ್ನದ ಮಾತಿನ ಸಂದರ್ಶನಕ್ಕೆ ಉಳಿದವರು ಇಬ್ಬರು — ಆಗಷ್ಟೇ ಡಿಪ್ಲೊಮಾ ಮುಗಿಸಿದ್ದ ನಾನು ಮತ್ತು ನನಗಿಂತ ಆರೇಳು ವರ್ಷ ದೊಡ್ಡವರಾದ ಶಿವಲೀಲಾ. ಅವರದು ಮನೆಮನೆಗೆ ಹೋಗಿ ಮಕ್ಕಳ ತೂಕ, ಕುಡಿಯುವ ನೀರು, ಕಾಯಿಲೆ ಕಸಾಲೆಯ ವಿವರವನ್ನು ಮೊಬೈಲಿನಲ್ಲಿ ತುಂಬುವ ಸಮೀಕ್ಷೆಯ ಕೆಲಸ. ಅದು ಮುಗಿಯುತ್ತ ಬಂದಿತ್ತು. ಸಾಲೆಗೆ ಹೋಗುವ ಇಬ್ಬರು ಮಕ್ಕಳಿದ್ದರು. ಚಚಡಿಯಿಂದ ಬೆಳಿಗ್ಗೆ ಬಸ್ಸು ಹತ್ತಿ ಸಂಜೆ ಮನೆ ಮುಟ್ಟುವಷ್ಟು ಹತ್ತಿರದಲ್ಲಿ ಇಂಥ ಕೆಲಸ ಇನ್ನೊಂದಿರಲಿಲ್ಲ. ಇದನ್ನೆಲ್ಲ ಹೊರಗಿನ ಬೆಂಚಿನ ಮೇಲೆ ಕೂತಾಗ ಅವರೇ ಹೇಳಿದ್ದರು. ಗೊತ್ತಿರಲಿಲ್ಲ ಎಂದು ನಾನು ಹೇಳುವಂತಿಲ್ಲ.

ನನ್ನ ತೊಡೆಯ ಮೇಲೆ ಸಂದರ್ಶನದ ಪ್ರಶ್ನೋತ್ತರದ ಕಟ್ಟು ಇತ್ತು. ಆಪರೇಟಿಂಗ್ ಸಿಸ್ಟಮ್ ಎಂದರೇನು, ಆಂಡ್ರಾಯ್ಡಿಗೂ ಐಫೋನಿಗೂ ಏನು ವ್ಯತ್ಯಾಸ, ಆ್ಯಪಿನ ಒಂದು ಪರದೆ ಹುಟ್ಟಿ ಸಾಯುವವರೆಗೆ ಯಾವ ಯಾವ ಹಂತ ದಾಟುತ್ತದೆ. ಆ ಹಂತಗಳ ಹೆಸರುಗಳನ್ನು — ಆನ್‌ಕ್ರಿಯೇಟ್, ಆನ್‌ಸ್ಟಾರ್ಟ್, ಆನ್‌ರೆಸ್ಯೂಮ್ — ಕಣ್ಣು ಮುಚ್ಚಿ ಪಠಿಸುತ್ತಿದ್ದೆ.

"ಏನೋ ತಮ್ಮಾ, ಮಗ್ಗಿ ಹೇಳಿದಂಗ ಹೇಳಾಕತ್ತೀಯಲ್ಲ! ಉಲ್ಟಾ ಕೇಳಿದ್ರ ಬರತೈತಿಲ್ಲ?" ಎಂದರು.

"ಉಲ್ಟಾ ಯಾರ ಕೇಳತಾರ್ರೀ ಅಕ್ಕಾರ?"

"ಉಲ್ಟಾ ಬ್ಯಾಡ, ಅಡ್ಡ ಕೇಳತೇನಿ. ಫೋನ್ ಅಡ್ಡ ಮಾಡಿದ್ರ ಇವೆಲ್ಲಾ ಯಾಕ ಮತ್ತ ಮೊದಲಿಂದ ಸುರು ಆಗತಾವು? ಒಮ್ಮೆರ ಮಾಡಿ ನೋಡಿಯೇನು?"

ನೋಡಿರಲಿಲ್ಲ. ಆಗ ಅವರು ತಮ್ಮದನ್ನು ಹೇಳಿದರು.

ರಾಮದುರ್ಗ ತಾಲೂಕಿನ ಸಾಲಹಳ್ಳಿಯಲ್ಲಿ ಒಂದು ಮನೆ. ಎಲ್ಲ ಬರೆದುಕೊಂಡಾದ ಮೇಲೆ ಆ ಮನೆಯ ಹೆಣ್ಣುಮಗಳು, "ನಮ್ಮ ಬಗ್ಗೆ ಏನ್ ಬರಕೊಂಡ್ರಿ ಬಾಯಾರ, ತೋರಸ್ರಿ" ಎಂದಿದ್ದಳು. ಇವರು ಅಕ್ಷರ ದೊಡ್ಡದಾಗಿ ಕಾಣಲೆಂದು ಫೋನನ್ನು ಅಡ್ಡ ತಿರುಗಿಸಿ ಅವಳ ಕೈಗೆ ಕೊಟ್ಟರು. ತಿರುಗಿಸಿದ್ದೇ ತಡ, ಗುರುತು ಹಾಕಿ ಆರಿಸಿದ್ದ ಉತ್ತರಗಳೆಲ್ಲ ಖಾಲಿ. ಟೈಪ್ ಮಾಡಿದ ಹೆಸರುಗಳು ಮಾತ್ರ ಇದ್ದ ಹಾಗೇ ಇದ್ದವು. ಜೊತೆಯ ಸಮೀಕ್ಷಕಿಯರಿಗೂ ಹೀಗೇ ಆಗುತ್ತಿತ್ತಂತೆ. ಅವರು ತೋರಿಸುವುದನ್ನೇ ಬಿಟ್ಟರು. ಕೆಲವರು ಪರದೆ ತಿರುಗದಂತೆ ಫೋನಿನ ಸೆಟ್ಟಿಂಗನ್ನೇ ಬದಲಿಸಿಟ್ಟರು. ಶಿವಲೀಲಾ ಎರಡನ್ನೂ ಮಾಡಲಿಲ್ಲ. ಹೆಸರು ಉಳಿದವು, ಆರಿಸಿದ್ದು ಹೋಯಿತು — ಯಾಕೆ? ಆ ಒಂದು ಪ್ರಶ್ನೆಯ ಹಿಂದೆ ಬಿದ್ದು ಅವರು ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿತರು, ಆ್ಯಪ್ ಬರೆಯುವುದನ್ನು ಕಲಿತರು. ನಾನು ಕೆಲಸಕ್ಕಾಗಿ ಕಲಿತದ್ದನ್ನು ಅವರು ಒಂದು 'ಯಾಕೆ'ಗಾಗಿ ಕಲಿತಿದ್ದರು.

"ತೋರಸದs ಇದ್ರ ಆಗತಿತ್ತಲ್ರಿ" ಎಂದೆ.

"ಹಂಗ್ಯಾಂಗ? ಅವರ ಮನಿ ಮಾತು ಬರಕೊಂಡು ಅವರಿಗೇ ತೋರಸಲಿಲ್ಲಂದ್ರ ಅದು ಕದ್ದಂಗ ಅಲ್ಲೇನು?" ಎಂದರು. ಆಮೇಲೆ ನಕ್ಕು, ಆ 'ಯಾಕೆ'ಗೆ ಉತ್ತರ ಹೇಳಿದರು. "ನೋಡ ತಮ್ಮಾ, ಫೋನ್ ಅಡ್ಡ ಆತಂದ್ರ ಆಂಡ್ರಾಯ್ಡು ಇದ್ದ ಮನಿ ಕೆಡವಿ ಹೊಸ ಮನಿ ಕಟ್ಟತೈತಿ. ಗ್ವಾಡಿ ಮ್ಯಾಲ ಕಾಣೂ ಫೋಟೋ ಅದs ತಗದ ಇಟಗೊಂಡು ಮತ್ತ ಹಾಕತೈತಿ, ಅದು ಹೆಸರು. ಆರಿಸಿದ್ದು ಪೆಟಿಗ್ಯಾಗ ಇರೂದು. ಪೆಟಿಗ್ಯಾಗ ನೀ ಏನ್ ಇಟ್ಟೀದಿ ಅಂತ ನೀ ಹೇಳದಿದ್ರ ಅದಕ್ಕ ಹ್ಯಾಂಗ ಗೊತ್ತಾಗಬೇಕು? ಆ್ಯಪ್ ಬರದಾಂವಾ ಹೇಳಿರಲಿಲ್ಲ. ಅಷ್ಟs."

ನನ್ನ ಕಟ್ಟಿನಲ್ಲಿ ಇದಕ್ಕೆ ಎರಡೂವರೆ ಪುಟ ಇತ್ತು. ಒಂದಕ್ಷರವೂ ನನಗೆ ಹೀಗೆ ಅರ್ಥವಾಗಿರಲಿಲ್ಲ.

ಮೊದಲು ನನ್ನನ್ನು ಕರೆದರು. ಒಳಗೆ ಕೂತಿದ್ದವರು ಈಗಲೂ ನಮ್ಮ ಸಾಹೇಬರಾಗಿರುವವರೇ. ಮೊದಲ ನಾಲ್ಕೈದು ಪ್ರಶ್ನೆ ಸಲೀಸಾಗಿ ದಾಟಿದೆ. ಆಮೇಲೆ ಅವರು ತಮ್ಮ ಫೋನನ್ನು ಮೇಜಿನ ಮೇಲೆ ಅಡ್ಡ ಇಟ್ಟು, "ಹಿಂಗ ಮಾಡಿದ್ರ ಏನಾಕ್ಕೈತಿ?" ಎಂದರು. ನಾನು ಹಂತಗಳ ಹೆಸರನ್ನು ಒಂದೂ ತಪ್ಪದೆ ಹೇಳಿದೆ.

"ಅದು ಪುಸ್ತಕದಾಗ ಐತಿ ಬಿಡ್ರಿ. ನೀವು ಏನ್ ಕಂಡೀರಿ, ಅದನ್ನ ಹೇಳ್ರಿ."

ಇಲ್ಲಿ ನಾನು ನಿಧಾನವಾಗಿ ಬರೆಯಬೇಕು. ಬಾಯಿ ತಪ್ಪಿ ಬಂದ ಮಾತು ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅಲ್ಲ. ನಾನು ಯೋಚಿಸಿದೆ. ಹೊರಗಿನ ಬೆಂಚು ನೆನಪಾಯಿತು, ಅದರ ಮೇಲೆ ಕೂತವರೂ ನೆನಪಾದರು — ಆದರೂ ಹೀಗೆ ಹೇಳಿದೆ: ಕಾಲೇಜಿನ ಪ್ರಾಜೆಕ್ಟಿಗಾಗಿ ಮನೆಯವರ ವಿವರ ಬರೆದುಕೊಳ್ಳುವ ಒಂದು ಆ್ಯಪ್ ಮಾಡಿದ್ದೆ. ನಮ್ಮ ಆಯಿ — ನನ್ನ ಅಜ್ಜಿ — ತನ್ನ ಬಗ್ಗೆ ಏನು ಬರೆದೆ ತೋರಿಸು ಎಂದಳು. ತಿರುಗಿಸಿದೆ, ಆರಿಸಿದ್ದೆಲ್ಲ ಹೋಯಿತು, ಹೆಸರು ಉಳಿಯಿತು. ನಿಜದಲ್ಲಿ ಅಂಥ ಆ್ಯಪ್ ನಾನು ಮಾಡಿರಲೇ ಇಲ್ಲ. ನಮ್ಮ ಆಯಿಗೆ ಓದಲು ಬರುತ್ತಿರಲಿಲ್ಲ, ನಾನು ಅವಳಿಗೆ ಏನನ್ನೂ ತೋರಿಸಿದವನಲ್ಲ.

ಸಾಹೇಬರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. "ಹೆಸರು ಯಾಕ ಉಳದ್ವು?"

ಮನೆ, ಗೋಡೆ, ಫೋಟೋ, ಪೆಟ್ಟಿಗೆ. ಒಂದನ್ನೂ ಬಿಡಲಿಲ್ಲ.

"ಭಾರೀ ಹೇಳಿದ್ರಿ!" ಎಂದು ನಕ್ಕರು.

ಹೊರಗೆ ಬಂದಾಗ ಶಿವಲೀಲಾ, "ಏನೇನ್ ಕೇಳಿದ್ರೋ ತಮ್ಮಾ?" ಎಂದರು. ಹೇಳಿಬಿಡಬಹುದಿತ್ತು. ಅಕ್ಕಾರ, ನಿಮ್ಮ ಮಾತು ಅಲ್ಲಿ ಹೇಳಿಬಿಟ್ಟೆ — ಇಷ್ಟಾದರೂ ಹೇಳಿದ್ದರೆ ಅವರು ಒಳಗೆ ಬೇರೆ ದಾರಿ ಹಿಡಿಯುತ್ತಿದ್ದರು. ಅವರಿಗೆ ಗೊತ್ತಿದ್ದದ್ದು ಅದೊಂದೇ ಅಲ್ಲವಲ್ಲ. ನಾನು, "ಬೇಸಿಕ್ ಅಷ್ಟರಿ" ಎಂದೆ.

ಒಳಗೆ ಏನಾಯಿತೋ ನಾನು ಕಂಡಿಲ್ಲ. ಸ್ವಲ್ಪ ಹೊತ್ತಿಗೆ ಸಾಹೇಬರು ಬಾಗಿಲು ತೆರೆದು ಹೊರಬಂದರು, ಹಿಂದೆ ಶಿವಲೀಲಾ. ಸಾಹೇಬರ ಮುಖ ಬಿಗಿದಿತ್ತು.

"ಈ ಫೋನ್ ತಿರುಗಿಸೂ ಕಥಿ ಇವರೂ ಹೇಳಾಕತ್ತಾರ. ಅದs ಮನಿ, ಅದs ಪೆಟಿಗಿ. ಯಾರದ್ರಿ ಇದು ಖರೇ?"

"ನಂದ್ರಿ ಸರ್."

ಎರಡು ಶಬ್ದ. ಹೇಳುವಾಗ ಯಾರ ಮುಖವನ್ನು ನೋಡಿದೆನೋ ನೆನಪಿಲ್ಲ — ಅವರ ಮುಖವನ್ನಂತೂ ನೋಡಲಿಲ್ಲ.

ಶಿವಲೀಲಾ ಜಗಳ ತೆಗೆಯಲಿಲ್ಲ. ನನ್ನನ್ನೇ ನೋಡುತ್ತಿದ್ದರೆಂದು ಕಾಣುತ್ತದೆ, ಯಾಕೆಂದರೆ ಆಮೇಲೆ ಬಂದ ಮಾತು ನನಗೇ ಬಂತು. ಅಲ್ಲಿಯವರೆಗೆ ತಮ್ಮಾ ಎಂದಿದ್ದವರು ಈಗ ಬಹುವಚನದಲ್ಲಿ ಕೇಳಿದರು: "ನಿಮ್ಮ ಆಯೀ ಹೆಸರೇನ್ರಿ?"

ಒಳಗೆ ಸಾಹೇಬರು ಹೇಳಿರಬೇಕು, ಅದು ಆ ಹುಡುಗನ ಅಜ್ಜಿಯ ಕಥೆ ಎಂದು. ನಾನು ಆಯಿಯ ಹೆಸರು ಹೇಳಿದೆ. ನಿಜವಾದ ಹೆಸರನ್ನೇ.

"ಅವರಿಗೆ ಒಮ್ಮೆ ಖರೇನ ತೋರಸ್ರಿ" ಎಂದು ಹೇಳಿ, ಚೀಲ ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದು ಹೋದರು.

ಕೆಲಸ ನನಗೆ ಸಿಕ್ಕಿತು. ಸೇರಿದ ಎರಡನೆಯ ವರ್ಷವೋ ಮೂರನೆಯ ವರ್ಷವೋ, ಹಳೆಯ ಕಡತವೊಂದರಲ್ಲಿ ಅವರ ಅರ್ಜಿ ಕಂಡೆ. ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ, 'ಇನ್ನೊಬ್ಬ ಅಭ್ಯರ್ಥಿಯ ಉತ್ತರದ ನಕಲು' ಎಂದು ಬರೆದಿತ್ತು. ಕಡತ ಮುಚ್ಚಿ ಇದ್ದಲ್ಲೇ ಇಟ್ಟೆ. ಅದೇ ಹೊತ್ತಿಗೆ ಕಿತ್ತೂರಿನಲ್ಲಿ ಸಂದರ್ಶನಕ್ಕೆ ತಯಾರಾಗುವ ಮಕ್ಕಳಿಗೆ ಭಾನುವಾರ ಪಾಠ ಹೇಳಲು ಶುರುಮಾಡಿದ್ದೆ. ಬರೀ ಬಾಯಿಪಾಠ ಮಾಡಬೇಡಿ, ಕಂಡದ್ದನ್ನು ಹೇಳಿ ಎಂದು ಬುದ್ಧಿ ಹೇಳಿ, ಉದಾಹರಣೆಗೆ ಆಯಿಯ ಕಥೆಯನ್ನು ಹೇಳುತ್ತಿದ್ದೆ. ಆಯಿ ತೀರಿಹೋದ ಮೇಲೂ ಹೇಳಿದೆ.

ಹೋದ ತಿಂಗಳು ರಾಮದುರ್ಗದ ಮಹಿಳೆಯರ ಒಕ್ಕೂಟವೊಂದು ನಮ್ಮ ಕಂಪನಿಗೆ ಬಂತು. ಮಕ್ಕಳ ಆರೋಗ್ಯ ಸಮೀಕ್ಷೆಗೆ ಅವರಲ್ಲೇ ಒಂದು ಆ್ಯಪ್ ಇತ್ತು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ — ನಾಲ್ಕೂ ತಾಲೂಕಿಗೆ ಸಾಲುವಂತೆ ಅದನ್ನು ನಾವು ಬೆಳೆಸಿಕೊಡಬೇಕು. ಅದನ್ನು ಬರೆದವರನ್ನೇ ಕೆಲಸಕ್ಕೆ ಸೇರಿಸಿಕೊಂಡು ಅವರ ಕೈಗೇ ಮುಂದಾಳುತನ ಕೊಡಬೇಕು. ಇದು ಒಕ್ಕೂಟದ ಕೋರಿಕೆ. ಕೋಡ್ ಪರಿಶೀಲಿಸಲು ಸಾಹೇಬರು ನನ್ನ ಕೈಗೆ ಕೊಟ್ಟರು. ಕೋಡಿನ ಮೊದಲ ಫೈಲಿನ ತಲೆಯ ಮೇಲೆ ಬರೆದವರ ಹೆಸರಿತ್ತು: ಶಿವಲೀಲಾ, ಚಚಡಿ.

ಆ ಕೋಡನ್ನು ನಾನು ಹೇಗೆ ವರ್ಣಿಸಲಿ — ಒಂಬತ್ತು ವರ್ಷದಲ್ಲಿ ನಾನು ಅಂಥ ಒಂದು ಪುಟ ಬರೆದಿಲ್ಲ. ಬೆರಳು ಮುಟ್ಟಿದ ಪ್ರತಿಯೊಂದು ಉತ್ತರವೂ ಆ ಕ್ಷಣವೇ ಫೋನಿನ ಸಂಗ್ರಹಕ್ಕೆ ಇಳಿಯುತ್ತದೆ. ನಡುವೆ ಕರೆ ಬರಲಿ, ಫೋನು ಆರಿಹೋಗಲಿ, ಜಾಗ ಸಾಲದೆಂದು ಆಪರೇಟಿಂಗ್ ಸಿಸ್ಟಮ್ ಆ್ಯಪನ್ನೇ ಮುಚ್ಚಿಹಾಕಲಿ — ಮತ್ತೆ ತೆರೆದರೆ ಬಿಟ್ಟ ಪ್ರಶ್ನೆಯಲ್ಲೇ ನಿಂತಿರುತ್ತದೆ. ನೆಟ್‌ವರ್ಕ್ ಇಲ್ಲದ ಊರಿನಲ್ಲಿ ತಾನೇ ತಾಳ್ಮೆಯಿಂದ ಕಾಯುತ್ತದೆ. ಬೇಡದ ಅನುಮತಿ ಒಂದನ್ನೂ ಕೇಳುವುದಿಲ್ಲ. ಪ್ರತಿ ಪುಟದ ಕೆಳಗೆ 'ಮನೆಯವರಿಗೆ ತೋರಿಸಿ' ಎಂಬ ಗುಂಡಿ. ಒತ್ತಿದರೆ ಬರೆದದ್ದೆಲ್ಲ ದೊಡ್ಡ ಅಕ್ಷರದಲ್ಲಿ, ಎದುರಿಗೆ ಕೂತವರ ಕಡೆಗೆ ತಿರುಗಿ ನಿಲ್ಲುತ್ತದೆ. ಓದು ಬಾರದವರಿಗೆ ಗಟ್ಟಿಯಾಗಿ ಓದಿ ಹೇಳುತ್ತದೆ. ಆ ಹೊತ್ತಿನಲ್ಲಿ ಪರದೆ ಆರದಂತೆ ತಡೆದಿಟ್ಟ ಸಾಲಿನ ಪಕ್ಕ, ಕೋಡ್ ಓದುವವರಿಗಾಗಿ ಅವರ ಟಿಪ್ಪಣಿ: "ಇಲ್ಲಿ ಅವಸರ ಮಾಡಬ್ಯಾಡ್ರಿ. ಯಾರೋ ಓದಾಕತ್ತಾರ."

ಆ ಸಾಲನ್ನು ಇನ್ನೊಮ್ಮೆ ಓದಿದೆ, ಅವಸರ ಮಾಡದೆ.

ಮರುದಿನ ಸಾಹೇಬರು ಕೇಳಿದರು: "ಈ ಹೆಸರು ಎಲ್ಲೋ ಕೇಳೀನಲ್ರೀ… ನಿಮ್ಮ ಉತ್ತರ ಕಾಪಿ ಹೊಡದಿದ್ದಾಕಿ ಅಲ್ಲೇನು? ಅಂಥಾಕಿ ಕೈಯಾಗ ನಾಕ ತಾಲೂಕಿನ ಕೆಲಸ ಹ್ಯಾಂಗ ಕೊಡೂದು? ನೀವs ಹೇಳ್ರಿ. ಅವತ್ತಿನ ಸಾಕ್ಷಿ ನೀವs."

"ಕೋಡ್ ಪೂರ್ತಿ ಓದಿ ಹೇಳತೇನ್ರಿ" ಎಂದೆ. ಓದುವುದು ಮುಗಿದಿತ್ತು. ಅದನ್ನೂ ಇಲ್ಲಿ ಬರೆಯಬೇಕು — ಎರಡನೆಯ ಸಲವೂ ನನಗೆ ಸತ್ಯ ತಕ್ಷಣ ಬಾಯಿಗೆ ಬರಲಿಲ್ಲ. ಎರಡು ದಿನ ಬೇಕಾಯಿತು.

ಮೂರನೆಯ ದಿನ ಅವರ ಕೋಣೆಗೆ ಹೋಗಿ, ನಿಂತುಕೊಂಡೇ ಹೇಳಿದೆ. ಕಾಪಿ ಹೊಡೆದವನು ನಾನು ಸರ್, ಆಯಿಯ ಕಥೆ ಸುಳ್ಳು, ಅದು ಅವರದು. ಸಾಹೇಬರು, "ಒಂಬತ್ತ ವರ್ಷ ಬಾಯಾಗ ಏನ್ ಇಟಗೊಂಡಿದ್ರಿ?" ಎಂದರು. ಅವರು ಕಪಾಟಿನಿಂದ ಆ ಅರ್ಜಿ ತೆಗೆಸಿ ಕೆಂಪು ಸಾಲನ್ನು ಹೊಡೆದುಹಾಕಿ ಸಹಿ ಮಾಡಿದರು. ಮುಂದಾಳುತನ ಶಿವಲೀಲಾ ಅವರಿಗೇ ಆಯಿತು. ನನ್ನ ವಿಷಯದಲ್ಲಿ ಏನು ಮಾಡಬೇಕೆಂದು ಇನ್ನೂ ಹೇಳಿಲ್ಲ. ಏನು ಹೇಳಿದರೂ ಸರಿ. ಆ ಭಾನುವಾರ ಕಿತ್ತೂರಿನ ಮಕ್ಕಳ ಮುಂದೆಯೂ ಇದನ್ನೇ ಹೇಳಿದೆ. ಮುಂದಿನ ಬೆಂಚಿನ ಇಬ್ಬರು ತಲೆ ತಗ್ಗಿಸಿದರು, ತಪ್ಪು ತಮ್ಮದೇ ಎಂಬಂತೆ.

ಕೊನೆಗೆ ಸಾಲಹಳ್ಳಿಗೆ ಹೋದೆ. ಸಮುದಾಯ ಭವನದಲ್ಲಿ ಶಿವಲೀಲಾ ಹೊಸ ಸಮೀಕ್ಷಕಿಯರಿಗೆ ತರಬೇತಿ ಕೊಡುತ್ತಿದ್ದರು. ಹೊರಗಿನ ಕಟ್ಟೆಯ ಬಳಿ ನಿಂತು ಎಲ್ಲವನ್ನೂ ಹೇಳಿದೆ — ಒಳಗೆ ಏನು ಹೇಳಿದ್ದೆ, ಯಾಕೆ ಬೇಸಿಕ್ ಎಂದೆ, ಕಡತದ ಕೆಂಪು ಸಾಲು, ಕಿತ್ತೂರಿನ ತರಗತಿ.

"ಕೆಲಸದ್ದು ಬಿಡ್ರಿ. ಅದನ್ನ ನಾ ಅವತ್ತs ಬಿಟ್ಟೆ" ಎಂದರು. ಆಮೇಲೆ ನೆಲ ನೋಡುತ್ತ, "ಆದ್ರ ನಿಮಗೊಂದು ಹೇಳಬೇಕು. ಅವತ್ತ ಬಸ್ಸಿನ್ಯಾಗ ಕುಂತು ಒಂದs ಸವನ ಅದನ್ನs ವಿಚಾರ ಮಾಡಿದೆ — ಇಂವಾ ಇಷ್ಟ ಗಟ್ಟಿ ಹೇಳಾಕತ್ತಾನಂದ್ರ, ನಾನs ಎಲ್ಲೆರ ಓದಿ, ನಂದು ಅಂತ ತಿಳಕೊಂಡಿದ್ನೇನು ಅಂತ. ಆಮ್ಯಾಲ ಎಷ್ಟೋ ತಿಂಗಳು ಯಾರ ಮುಂದೂ ಏನೂ ಹೇಳಾಕ ಧೈರ್ಯ ಆಗಲಿಲ್ಲ. ಬಾಯಿ ತೆರಿಯೂ ಮೊದಲ, ಇದು ನಾ ಕಂಡದ್ದೋ, ಕೇಳಿದ್ದೋ ಅಂತ ಹುಡಕತಿದ್ದೆ. ಕಡೀಕ ಈ ಊರಿಗೆ ಬಂದು ಆ ಮನಿ ಹೆಣಮಗಳನ್ನ ಕೇಳಿದೆ — ಯವ್ವಾ, ನಿಂಗ ಫೋನ್ ತೋರಿಸಿದ್ದು ನಾನs ಹೌದಿಲ್ಲೋ ಅಂತ."

ಒಳಗಿನಿಂದ ಯಾರೋ, "ಬಾಯಾರ, ಇಲ್ಲಿ ಪುಟ ಮುಂದ ಹೋಗವಲ್ದು" ಎಂದು ಕೂಗಿದರು. ಅವರು ಒಳಗೆ ಹೋದರು.

ಅವರಿಂದ ನಾನು ಕಸಿದದ್ದು ಬರೀ ಒಂದು ಕೆಲಸ ಎಂದುಕೊಂಡಿದ್ದೆ. ನನಗೆ ತಿಳಿದವರಲ್ಲೆಲ್ಲ ಅತ್ಯಂತ ಸ್ಪಷ್ಟವಾಗಿ ನೋಡಬಲ್ಲ ಹೆಣ್ಣುಮಗಳು, ತಾನು ಕಂಡದ್ದನ್ನು ತಾನೇ ಕಂಡೆನೇ ಎಂದು ಇನ್ನೊಬ್ಬರ ಮನೆಯ ಬಾಗಿಲಿಗೆ ಹೋಗಿ ಕೇಳಿದ್ದಳು. ಅದನ್ನು ನಾನು ಯಾವ ಕಡತದಲ್ಲಿ ತಿದ್ದಿಸಲಿ.