ಚಿಕ್ಕಪ್ಪನನ್ನು ಕೊಂದದ್ದು ಆನೆಯಲ್ಲ ಎಂದ ಗಿರಿಜಾ

ನಂಬಲಾಗುತ್ತಿಲ್ಲ...
ಡಾಕ್ಟರ್ ಗಿರಿಜಾ ಇನ್ನಿಲ್ಲವಂತೆ.
ಬೆಳಿಗ್ಗೆ ಯಳಂದೂರಿನ ಮನೆಯಲ್ಲೇ ಹಾರ್ಟ್ ಅಟ್ಯಾಕ್...

ಕೊಳ್ಳೇಗಾಲದ ಕಾಲೇಜಿನಲ್ಲಿ ನನ್ನ ಕ್ಲಾಸ್‌ಮೇಟ್. ಆಮೇಲೆ ಫೊರೆನ್ಸಿಕ್ ಡಾಕ್ಟರ್ ಆದಳು.

ಸುದ್ದಿಯನ್ನು ನಮ್ಮ ಫ್ಯಾಮಿಲಿ ಗ್ರೂಪ್‌ಗೆ ಹಾಕಿದೆ.
ಕೆಳಗೆ ಒಬ್ಬರು ಬರೆದರು... "ಪೀಡೆ ತೊಲಗ್ತು."
ಅದಕ್ಕೆ ಥಂಬ್ಸ್ ಅಪ್ ಬೇರೆ.
ನಾಚಿಕೆಯಾಗಿ ಫೋನ್ ಮಗುಚಿಟ್ಟೆ.

ಯಾಕೆ ಅಂತ ಹೇಳಿಬಿಡುತ್ತೇನೆ.

ಲೊಕ್ಕನಹಳ್ಳಿಯಲ್ಲಿ ಜೋಳದ ಹೊಲ ಕಾಯಲು ಹೋದ ನಮ್ಮ ಚಿಕ್ಕಪ್ಪ ಹೆಣವಾಗಿ ಸಿಕ್ಕಿದ್ದರು.
ಆನೆ ತುಳಿಯಿತು ಅಂದರು ಮನೆಯವರು. ಪೊಲೀಸರಿಗೂ ತಿಳಿಸದೆ ಅಂದೇ ಹೂತರು.
ಚಿಕ್ಕಮ್ಮ ಮಾತ್ರ ಒಪ್ಪಲಿಲ್ಲ.
"ಆನೆ ತುಳುದ್ರೆ ಮೈಯೆಲ್ಲ ಅಪ್ಪಚ್ಚಿ ಆಗ್ಬೇಕಲ್ವಾ... ತಲೆಗ್ ಮಾತ್ರ ಯಾಕ್ ಏಟು?"
ಅವರಿಗೇ ತಲೆ ಕೆಟ್ಟಿದೆ ಅಂದಿತು ನಮ್ಮ ಮನೆ.
ವರ್ಷಗಟ್ಟಲೆ ಸ್ಟೇಷನ್ನು, ಕೋರ್ಟು ಅಲೆದರು... ಕೊನೆಗೆ ಸಮಾಧಿ ತೆಗೆಯಲು ಆರ್ಡರ್ ಆಯಿತು.

ಗಿರಿಜಾ... ಅವತ್ತು ತಹಶೀಲ್ದಾರರ ಜೊತೆ ಬಂದವಳು ನೀನು.
ಮಣ್ಣಿನಲ್ಲಿ ಮೊಣಕಾಲೂರಿ ಒಂದೊಂದೇ ಮೂಳೆ ಎತ್ತಿದೆ.
ಕೈ ತೊಳೆಯಲು ನಮ್ಮವರು ನೀರೂ ಕೊಡಲಿಲ್ಲ.

ಪರೀಕ್ಷೆ ಮುಗಿದ ಮೇಲೆ ನೀನೇ ಚಿಕ್ಕಮ್ಮನನ್ನು ಕೂರಿಸಿಕೊಂಡು ಹೇಳಿದೆ...
"ಆನೆ ತುಳಿದ್ರೆ ಮೂಳೆ ನುಚ್ಚಾಗುತ್ತಮ್ಮ. ಈ ತಲೆಬುರುಡೆ ನುಣ್ಣಗೆ ಸೀಳಿದೆ... ಮಚ್ಚಿನ ಏಟು. ಸೀಳಿದ ಅಂಚಿನ ಬಣ್ಣವೂ ಹಳೇದೇ, ಅಗೆಯುವಾಗ ಆಗಿದ್ದಲ್ಲ. ಮುಂಗೈ ಮೂಳೆಗೂ ಏಟು ಬಿದ್ದಿದೆ. ಕೈ ಅಡ್ಡ ಹಿಡಿದಿದ್ದಾರೆ."
ಚಿಕ್ಕಮ್ಮ ಕೇಳಿದ್ದು ಒಂದೇ.
"ಅಂಗಾರೆ ಒಡ್ದೋರ ಮುಖ ನೋಡವ್ರೆ, ಅಲ್ವಾ?"
"ನೋಡಿರ್ತಾರಮ್ಮ" ಅಂದೆ ನೀನು.

ಆ ರಿಪೋರ್ಟ್ ಮೇಲೆ ಪೊಲೀಸರು ಮತ್ತೆ ವಿಚಾರಿಸಿದಾಗ ದೊಡ್ಡಪ್ಪ ಒಪ್ಪಿಕೊಂಡರು.
ಹೊಲದ ಬದುವಿನ ಜಗಳವಂತೆ...
ಕೊಂದದ್ದು ಒಡಹುಟ್ಟಿದ ಅಣ್ಣ. ಹೆಣಕ್ಕೆ ಹೆಗಲು ಕೊಟ್ಟವರೂ ಅವರೇ.
ಈಗ ಜೈಲಿನಲ್ಲಿದ್ದಾರೆ. ಆದರೂ ನಮ್ಮ ಮನೆಗೆ ಪೀಡೆ ನೀನು...
ಮನೆತನದ ಹೆಸರು ಹೇಳಿಕೊಳ್ಳಲು ಬಾಯಿ ಬರುತ್ತಿಲ್ಲ ಗಿರಿಜಾ.

ಈಗತಾನೇ ಚಿಕ್ಕಮ್ಮನ ಫೋನ್ ಬಂತು.
"ಮಣ್ಣು ಎಷ್ಟೊತ್ಗಂತೆ? ನನ್ನೂ ಕರ್ಕಂಡೋಗು ಮಗ."
ಅಲ್ಲಿ ಯಾರ ಕಡೆಯವರು ಅಂತ ಕೇಳಿದರೆ ಏನು ಹೇಳೋದು ಚಿಕ್ಕಮ್ಮ ಅಂದೆ.
"ಯೋಳದೇನ್ಲಾ... ನಾನು ಆಯಮ್ಮನ ಕಡೆಯೋಳೇ."

ಹೊರಟಿದ್ದೇವೆ...
ಹೋಗಿ ಬಾ ಗಿರಿಜಾ. ನಿನ್ನ ಜೀವ ತಣ್ಣಗಿರಲಿ.