ಕಡೆಗೆ ಉಣ್ಣುವವರು

ನನಗೊಂದು ಚಟವಿದೆ. ಯಾರಾದರೂ ಒಂದು ಮಾತನ್ನು ನೆಟ್ಟಗೆ ನಿಂತು, ಎದೆಯುಬ್ಬಿಸಿ ಹೇಳಿದರೆ ಸಾಕು, ಅದು ಯಾಕೆ ಹಾಗೆ ಎಂದು ಕೆದಕದೆ ಇರಲಾರೆ. ಮಾನ್ವಿಯ ನಮ್ಮ ಮನೆಯಲ್ಲಿ ಇದಕ್ಕಾಗಿ ಬೈಸಿಕೊಂಡದ್ದಕ್ಕೆ ಲೆಕ್ಕವಿಲ್ಲ. ಅಪ್ಪ ಗುಡಿಯ ಪೂಜೆ ಮುಗಿಸಿ ಬಂದು ತೀರ್ಥ ಕೊಡುವಾಗ, ಮೂರು ಸಲವೇ ಯಾಕೆ, ಎರಡು ಸಲ ಕುಡಿದರೆ ದೇವರು ಸಿಟ್ಟಾಗುತ್ತಾನಾ ಎಂದು ಕೇಳಿದ ಮಗಳು ನಾನು. ಇಂಥವಳ ಕೈಗೆ ಕಾಲೇಜಿನ ಕೆಡೆಟ್ ತುಕಡಿ ಸಿಕ್ಕಿತು. ಯಾಕೆ ಎಂದು ಕೇಳದೆ ಹೇಳಿದ್ದನ್ನು ಮಾಡು ಎನ್ನುವುದೇ ಅಲ್ಲಿಯ ಮೊದಲ ಪಾಠ.

ಸಿಕ್ಕಿದ್ದೂ ನನ್ನ ಯೋಗ್ಯತೆಯಿಂದ ಅಲ್ಲ. ನಾನು ದೇವದುರ್ಗದ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ, ರಾಯಚೂರಿನಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ತುಕಡಿ ನೋಡಿಕೊಳ್ಳುತ್ತಿದ್ದವರು ವರ್ಗವಾಗಿ ಹೋದಾಗ ಸ್ಟಾಫ್ ರೂಮಿನಲ್ಲಿ ಒಬ್ಬರಿಗೆ ಮಂಡಿನೋವು ಬಂತು, ಇನ್ನೊಬ್ಬರಿಗೆ ಸಕ್ಕರೆ ಕಾಯಿಲೆ ನೆನಪಾಯಿತು. ಉಳಿದವಳು ನಾನು. ತರಬೇತಿಗೆ ಹೋಗಿ ಬಂದೆ. ಖಾಕಿ ತೊಟ್ಟು ರಾಯಚೂರಿನ ಬಸ್ ಸ್ಟ್ಯಾಂಡಿನಲ್ಲಿ ನಿಂತ ಮೊದಲ ದಿನ ಆಟೋದವರು ತಾವಾಗಿಯೇ ಹಿಂದೆ ಸರಿದರು, ಕಂಡಕ್ಟರ್ ಕಿಟಕಿ ಪಕ್ಕದ ಸೀಟು ಬಿಡಿಸಿಕೊಟ್ಟ. ಸುಳ್ಳು ಯಾಕೆ ಹೇಳಲಿ, ಬಹಳ ಖುಷಿಯಾಯಿತು. ಅದೇ ಮುಖ, ಅದೇ ದನಿ. ಬಟ್ಟೆ ಬದಲಾದರೆ ಜನ ಯಾಕೆ ಮಾತು ಕೇಳುತ್ತಾರೆ ಎನ್ನುವ ಕುತೂಹಲ ಹುಟ್ಟಿದ್ದೂ ಅವತ್ತೇ.

ನಾಯಕತ್ವದ ಪಾಠವನ್ನು ನಾನು ಮೈದಾನದ ಬೇವಿನ ಗಿಡದ ಕೆಳಗೆ ಮಾಡಿದೆ. ತರಬೇತಿಯಲ್ಲಿ ಕಲಿತದ್ದನ್ನೇ ಒಪ್ಪಿಸಿದೆ. ಕೊಟ್ಟ ಮಾತಿಗೆ ತಪ್ಪಬಾರದು. ಸೋತರೆ ತಪ್ಪು ನನ್ನದು ಅನ್ನಬೇಕು, ಗೆದ್ದರೆ ತುಕಡಿಯದು ಅನ್ನಬೇಕು. ಕಡೆಗೆ ನನಗೆ ಬಹಳ ಇಷ್ಟವಾಗಿದ್ದ ಮಾತನ್ನು ಹೇಳಿದೆ: ಮುಂದೆ ನಿಲ್ಲುವವರು ಎಲ್ಲರೂ ಉಂಡ ಮೇಲೆ ಉಣ್ಣಬೇಕು.

ಹಿಂದಿನ ಸಾಲಿನಿಂದ ಒಂದು ಕೈ ಮೇಲೆದ್ದಿತು. ಗಬ್ಬೂರಿನ ಹುಡುಗಿ. ನಾನು ಹೋಗುವ ಬಸ್ಸನ್ನೇ ದಾರಿಯಲ್ಲಿ ಗಬ್ಬೂರಿನಲ್ಲಿ ಹತ್ತುತ್ತಿದ್ದಳು. ಒಕ್ಕಲುತನದ ಮನೆಯವಳು, ಮಾತು ಕಡಿಮೆ.

"ಮೇಡಂ, ನಮ್ಮನ್ಯಾಗ ನಮ್ಮವ್ವ ದಿನಾ ಕಡಿಗೆ ಉಣ್ತಾಳ್ರಿ. ಹಂಗಾರ ಆಕಿ ಲೀಡರ್ ಏನ್ರಿ?"

ಎಲ್ಲರೂ ನಕ್ಕರು. ಆಕೆ ನಗಲಿಲ್ಲ. "ಮತ್ತ ಆಕಿ ಮಾತು ಯಾರೂ ಕೇಳಂಗಿಲ್ರಿ" ಎಂದು ಸೇರಿಸಿದಳು.

ತ್ಯಾಗ, ಹೊಣೆ ಎಂದು ಏನೋ ತಡವರಿಸಿದೆ. ಜೀವಮಾನವಿಡೀ ಬೇರೆಯವರಿಗೆ ಯಾಕೆ, ಯಾಕೆ ಎಂದು ಕಾಟ ಕೊಟ್ಟವಳಿಗೆ ಸರಿಯಾದ ಶಾಸ್ತಿ ಎಂದುಕೊಂಡೆ. ಸಿಟ್ಟು ಮಾತ್ರ ಬರಲಿಲ್ಲ. ನನ್ನ ಜಾತಿಯ ಇನ್ನೊಂದು ಪ್ರಾಣಿ ಸಿಕ್ಕಿತಲ್ಲ ಎಂದು ಒಳಗೊಳಗೇ ಹಿಗ್ಗಿದೆ.

ಆ ಭಾನುವಾರ ಮಾನ್ವಿಗೆ ಹೋದಾಗ ಅವ್ವನನ್ನು ಕೇಳಿದೆ. ನಮ್ಮ ಮನೆಯಲ್ಲೂ ಗಂಡಸರ ಪಂಕ್ತಿ ಮೊದಲು, ಆಮೇಲೆ ಮಕ್ಕಳು, ಕಡೆಗೆ ಅವ್ವ. ತುಂಗಭದ್ರೆಯ ದಂಡೆಯ ಚೀಕಲಪರ್ವಿಯಿಂದ ಮದುವೆಯಾಗಿ ಬಂದ ದಿನದಿಂದಲೂ ಹಾಗೇ.

"ಅವ್ವಾ, ನೀ ಯಾಕ ಯಾವಾಗಲೂ ಕಡಿಗೆ ಉಣ್ತಿದ್ದಿ?"

"ನನ್ನ ಹೊಟ್ಟಿ ತಡಾ ಮಾಡಿ ಹಸೀತಿತ್ತು" ಎಂದು ನಕ್ಕಳು. ನಾನು ಬಿಡಲಿಲ್ಲ. ಆಕೆ ಸೊಪ್ಪು ಸೋಸುತ್ತಲೇ ಹೇಳಿದಳು: "ಕಡಿಗೆ ಉಂಡ್ರ ಯಾರಿಗೆ ಏನು ಸಾಲಲಿಲ್ಲ ಅನ್ನೋದು ಗೊತ್ತಾಗ್ತದ. ಅದಕ್ಕ ಒಳ್ಳೇದೇ ಅದು. ಆದ್ರ ನನಗ ಏನು ಸಾಲಲಿಲ್ಲ ಅನ್ನೋದು ನಿಮಗ ಯಾರಿಗೂ ಗೊತ್ತಾಗ್ಲಿಲ್ಲ ನೋಡು. ಎಲ್ಲಾರೂ ಕೈ ತೊಳಕೊಂಡು ಹೋಗಿಬಿಟ್ಟಿರ್ತಿದ್ರಿ."

ಬೇಸರದಿಂದ ಹೇಳಿದ್ದಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಮರುದಿನ ಬಸ್ಸಿನಲ್ಲಿ ಆ ಹುಡುಗಿಗೆ ಅವ್ವನ ಮಾತನ್ನು ಹೇಳಿದೆ. ಆಕೆ ಕಿಟಕಿಯಾಚೆ ಹತ್ತಿ ಹೊಲ ನೋಡುತ್ತಾ ಕೇಳಿಸಿಕೊಂಡಳು. ಆಮೇಲೆ ತನ್ನ ಸುದ್ದಿ ಹೇಳಿದಳು. ಅವರ ಮನೆಯಲ್ಲಿ ಯಜಮಾನಿಕೆ ಅಜ್ಜಿಯದು. ಪರೇಡ್ ದಿನ ಹುಡುಗಿ ತಡವಾಗಿ ಬರುವುದು ಅಜ್ಜಿಗೆ ಸೇರುತ್ತಿರಲಿಲ್ಲ. ಕೊನೆಗೊಂದು ಷರತ್ತು ಹಾಕಿದ್ದಳು: "ಮುಂದ ನಿಲ್ಲೋದಾದ್ರ ಹೋಗು. ಹಿಂದ ನಿಂತು ಕೈಕಾಲು ಒಗಿಯಾಕಾದ್ರ ಮನ್ಯಾಗ ಇರು, ಹತ್ತಿ ಬಿಡಿಸಾಕ ಆಳು ಸಿಗವಲ್ರು."

ಮುಂದೆ ನಿಲ್ಲುವುದು ಎಂದರೆ ಗಣರಾಜ್ಯೋತ್ಸವಕ್ಕೆ ರಾಯಚೂರಿನ ಮೈದಾನದಲ್ಲಿ ತುಕಡಿಗೆ ಕಮಾಂಡ್ ಕೊಡುವುದು. ಅದಕ್ಕೆ ಯಾರು ಎನ್ನುವುದು ಚಳಿಗಾಲದ ಶಿಬಿರದಲ್ಲಿ ತೀರ್ಮಾನವಾಗಬೇಕಿತ್ತು. ಅಲ್ಲಿ ಆರಿಸಿದರೆ ಆಕೆಯ ಖಾಕಿ ಉಳಿಯುತ್ತದೆ, ಇಲ್ಲವಾದರೆ ಪೆಟ್ಟಿಗೆ ಸೇರುತ್ತದೆ. ಆಕೆಗೆ ಖಾಕಿ ಬೇಕಿತ್ತು. ಯಾಕೆ ಬೇಕು ಎಂದು ಕೇಳಿದ್ದಕ್ಕೆ, "ಅದನ್ನ ಹಾಕ್ಕೊಂಡಾಗ ನಾ ಕೇಳಿದ್ದಕ್ಕ ಯಾರಾರ ಉತ್ತರ ಕೊಡ್ತಾರ್ರಿ" ಎಂದಳು.

ಶಿಬಿರ ರಾಯಚೂರಿನ ಹೊರಗೆ, ಅಕ್ಕಿ ಗಿರಣಿಗಳನ್ನು ದಾಟಿದ ಮೇಲೆ ಸಿಗುವ ಒಂದು ಬಯಲಿನಲ್ಲಿ. ಡ್ರಿಲ್ ಕಲಿಸಲು ಬಂದಿದ್ದ ಹವಾಲ್ದಾರರು ಉತ್ತರ ಭಾರತದ ಕಡೆಯವರು, ನಾವೆಲ್ಲ ಉಸ್ತಾದ್ ಎನ್ನುತ್ತಿದ್ದೆವು. ಮೀಸೆ ದೊಡ್ಡದು, ಮನಸ್ಸು ಕೆಟ್ಟದ್ದಲ್ಲ. ಆದರೆ ಗಡಿಯಾರವೆಂದರೆ ಅವರಿಗೆ ಮನೆದೇವರು. ಮುಂದೆ ನಿಲ್ಲಬೇಕೆನ್ನುವವರಿಗೆ ದಿನಕ್ಕೊಬ್ಬರಂತೆ ಇಡೀ ಶಿಬಿರದ ಉಸ್ತುವಾರಿ ವಹಿಸುತ್ತಿದ್ದರು. ನಸುಕಿನ ಓಟದಿಂದ ರಾತ್ರಿ ಊಟದವರೆಗೆ ದೂರ ನಿಂತು ನೋಡುತ್ತಿದ್ದರು.

ನಮ್ಮ ತುಕಡಿಯಲ್ಲೇ ಇದ್ದ, ಗಿರಣಿ ಮಾಲೀಕರ ಮನೆಯ ಹುಡುಗನೊಬ್ಬನ ಸರದಿ ಮೊದಲು ಬಂತು. ಅವನ ದನಿ ಕೇಳಬೇಕು, ಬಯಲಿನ ಆ ತುದಿಯ ನಾಯಿ ಕೂಡ ಸಾವಧಾನ್ ಆಗುವಂಥದ್ದು. ಊಟದ ಹೊತ್ತಿಗೆ ಕೈ ಹಿಂದೆ ಕಟ್ಟಿಕೊಂಡು ನಿಂತ, ಎಲ್ಲರದೂ ಮುಗಿದ ಮೇಲೆ ತಟ್ಟೆ ಹಿಡಿದ. ಉಸ್ತಾದ್ ತಲೆಯಾಡಿಸಿದರು. ನನ್ನ ಕಣ್ಣು ಸುಮ್ಮನಿರಬೇಕಲ್ಲ, ಅಡುಗೆಯ ಕಡೆ ಇಣುಕಿದೆ. ಅಡುಗೆಯವರು ಅವನಿಗಾಗಿ ಮೊದಲೇ ಒಂದು ಡಬ್ಬಿ ಮುಚ್ಚಿಟ್ಟಿದ್ದರು. ಬಿಸಿ ಚಪಾತಿ, ಗಟ್ಟಿ ಬೇಳೆ, ಮೇಲೆ ತುಪ್ಪ.

"ಯಾಕ್ರೀ ಇದು?" ಎಂದೆ.

"ಪಾಪ, ದೊಡ್ಡವ್ರು ಕಡಿಗೆ ಉಣ್ತಾರಲ್ರಿ, ಅದಕ್ಕ ತೆಗೆದಿಟ್ಟೀವ್ರಿ" ಎಂದರು, ಬಹಳ ಮರ್ಯಾದೆಯಿಂದ.

ಬಡಿಸುವವರು ನಮ್ಮವರಾದರೆ ಕಡೆಯ ಪಂಕ್ತಿಯಲ್ಲಿ ಕೂತರೂ ಊಟ ಎಂಬ ಗಾದೆ ನೆನಪಾಗಿ ನಗು ಬಂತು. ಹುಡುಗನ ತಪ್ಪೇನೂ ಇಲ್ಲ, ಡಬ್ಬಿಯ ಸುದ್ದಿ ಅವನಿಗೆ ಗೊತ್ತೇ ಇರಲಿಲ್ಲ. ಆದರೆ ನನ್ನ ತಲೆಯಲ್ಲಿ ಹುಳ ಹೊಕ್ಕಿತು. ನಮ್ಮ ಸೀಮೆಯಲ್ಲಿ ಕಡೆಗೆ ಉಣ್ಣುವವರು ಎರಡು ನಮೂನೆ. ಒಬ್ಬರಿಗೆ ತೆಗೆದಿಟ್ಟಿರುತ್ತಾರೆ, ಇನ್ನೊಬ್ಬರಿಗೆ ಉಳಿದಿದ್ದರೆ ಉಂಟು. ನನ್ನ ಪಾಠದಲ್ಲಿ ಈ ಎರಡಕ್ಕೂ ಒಂದೇ ಹೆಸರಿತ್ತು. ಇದನ್ನು ಆ ಹುಡುಗಿಗೂ ಹೇಳಿದೆ. ಹೇಳಬಾರದಿತ್ತೋ ಏನೋ, ಬಾಯಿ ತಡೆಯಲಿಲ್ಲ.

ಆಕೆಯ ಸರದಿ ಬಂದ ದಿನ ಓಟ, ಡ್ರಿಲ್ ಎಲ್ಲ ಚೆನ್ನಾಗಿಯೇ ನಡೆಯಿತು. ದನಿ ಸಣ್ಣದು, ಆದರೆ ಹೆಜ್ಜೆ ತಪ್ಪಲಿಲ್ಲ. ಮಧ್ಯಾಹ್ನದ ಊಟಕ್ಕೆ ಸಾಲು ನಿಲ್ಲಿಸುವ ಬದಲು ಎಲ್ಲರನ್ನೂ ತಗಡಿನ ಶೆಡ್ಡಿನಲ್ಲಿ ಎದುರುಬದುರು ನೆಲಕ್ಕೆ ಕೂಡಿಸಿದಳು. ಬಡಿಸಿದ್ದಾಯಿತು. ಯಾರೂ ಮುಟ್ಟಬೇಡಿ ಎಂದಳು. ಬಡಿಸಿದ ಹುಡುಗಿಯರನ್ನು ಕೂಡಿಸಿದಳು. ಅಡುಗೆಯವರನ್ನೂ ಕರೆದಳು. ಅವರು ಕೈ ಒರೆಸಿಕೊಳ್ಳುತ್ತಾ, ಒಬ್ಬರ ಮುಖ ಒಬ್ಬರು ನೋಡುತ್ತಾ ಬಂದು ಕೂತರು. ಕಡೆಯ ಜಾಗದಲ್ಲಿ ತಾನು ಕೂತಳು.

ಕಡೆಯ ಸಾಲಿನ ತಟ್ಟೆಗಳಲ್ಲಿ ಚಪಾತಿ ಇರಲಿಲ್ಲ. ಬರೀ ಅನ್ನ, ನೀರಾದ ಸಾರು. ಎಲ್ಲರೂ ನೋಡಿದರು. ಕೇಳಿದ ಮೇಲೆ ಗೊತ್ತಾಯಿತು, ಶಿಬಿರ ಶುರುವಾದಾಗಿನಿಂದ ಹೀಗೇ ಅಂತೆ. ಬಡಿಸುವ ಹುಡುಗಿಯರು ಮೂಲೆಯಲ್ಲಿ ಅನ್ನ ಕಲೆಸಿಕೊಂಡು ಎದ್ದುಬಿಡುತ್ತಿದ್ದರಂತೆ. ನಾವು ಯಾರೂ ಅಲ್ಲಿ ಇರುತ್ತಿರಲಿಲ್ಲ, ಕೈ ತೊಳೆದುಕೊಂಡು ಹೋಗಿರುತ್ತಿದ್ದೆವು. ಹುಡುಗಿ ಏನೂ ಹೇಳುವ ಮೊದಲೇ ಆ ಗಿರಣಿ ಮನೆಯ ಹುಡುಗ ತನ್ನ ಚಪಾತಿ ಹರಿದು ಅರ್ಧ ಪಕ್ಕದವರ ಕೈಗಿಟ್ಟ. ಅರ್ಧರ್ಧ ಚಪಾತಿಗಳು ಕೈಯಿಂದ ಕೈಗೆ ಸಾಗಿ ಕಡೆಯ ಸಾಲು ಮುಟ್ಟಿದವು. ಆಮೇಲೆ ಎಲ್ಲರೂ ಉಂಡರು. ಅಷ್ಟರಲ್ಲಿ ಎಲ್ಲವೂ ತಣ್ಣಗಾಗಿತ್ತು, ಗೊಣಗಿದವರೂ ಇದ್ದರು.

ಮಧ್ಯಾಹ್ನದ ಡ್ರಿಲ್ ಬಹಳ ತಡವಾಯಿತು. ಉಸ್ತಾದ್ ಗಡಿಯಾರ ನೋಡುತ್ತಾ ನಿಂತಿದ್ದರು. ಮುಂದಾಳಾದವಳು ಕಡೆಗೆ ಉಣ್ಣದೆ ಎಲ್ಲರ ಜೊತೆ ಯಾಕೆ ಕೂತಳು ಎಂದು ಹಿಂದಿಯಲ್ಲಿ ಕೇಳಿದರು. ಆಕೆ ಕನ್ನಡದಲ್ಲೇ ಹೇಳಿದಳು:

"ನಮ್ಮವ್ವ ಏನು ಉಂಡ್ಳು ಅಂತ ನಾ ಒಮ್ಮಿನೂ ನೋಡಿಲ್ರಿ ಸರ್. ನಾ ಇವ್ರನ್ನ ನೋಡಬೇಕ್ರಿ, ಇವ್ರು ನನ್ನ ನೋಡಬೇಕ್ರಿ."

ಅದನ್ನು ನನ್ನ ರಾಯಚೂರಿನ ಬಸ್ ಸ್ಟ್ಯಾಂಡ್ ಉರ್ದುವಿನಲ್ಲಿ ಉಸ್ತಾದರಿಗೆ ಮುಟ್ಟಿಸಿದೆ. ಅವರು ಮೀಸೆ ತಿರುವಿದರು. ಮಾತು ಸರಿ, ಆದರೆ ಹೊತ್ತು ಮೀರಿತಲ್ಲ ಎಂದರು. ಶಿಬಿರದ ಕೊನೆಯ ದಿನ ಕಮಾಂಡ್ ಆ ಹುಡುಗನಿಗೆ ಹೋಯಿತು. ಅನ್ಯಾಯವೆಂದು ನಾನು ಹೇಳಲಾರೆ, ಅವನ ದನಿಗೆ ಮೈದಾನ ಸಾಲುತ್ತಿರಲಿಲ್ಲ. ಹುಡುಗಿ ಬೂಟು ಒರೆಸಿ, ಹಾಳೆಯಲ್ಲಿ ಸುತ್ತಿ, ಚೀಲದ ತಳಕ್ಕೆ ಇಟ್ಟಳು. ಮತ್ತೆ ತೊಡುವವರು ಹಾಗೆ ಇಡುವುದಿಲ್ಲ.

ಮರುದಿನ ಭಾನುವಾರ. ಅಜ್ಜಿಯ ಹತ್ತಿರ ನಾಲ್ಕು ಮಾತಾಡಿ ನೋಡೋಣ ಎಂದು ಗಬ್ಬೂರಿಗೆ ಹೋದೆ. ಊರ ಅಗಸೆಬಾಗಿಲಿನಿಂದ ಸ್ವಲ್ಪ ಒಳಗೆ ಅವರ ಮನೆ. ಹಣೆತುಂಬ ವಿಭೂತಿಯ ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಆಚಾರ್ರ ಮನಿಯವ್ರಂತ, ನಮ್ಮನ್ಯಾಗ ಉಣ್ತೀರೇನ್ರಿ?" ಎಂದಳು.

"ಹಸಿದು ಬಂದೀನ್ರಿ" ಎಂದೆ. ಅಜ್ಜಿಗೆ ಆ ಉತ್ತರ ಹಿಡಿಸಿತು.

ಆದರೆ ಪರೇಡಿನ ಮಾತು ಎತ್ತಿದ ಕೂಡಲೇ ಕೈ ಅಡ್ಡ ಮಾಡಿದಳು. "ಮುಂದ ನಿಲ್ಲಿಸಿದ್ರೇನು? ಇಲ್ಲಲ್ಲ? ಮಾತು ಮುಗೀತು ಬಿಡ್ರಿ, ಊಟಕ್ಕ ಏಳ್ರಿ."

ಅಡುಗೆಮನೆಯಲ್ಲಿ ಹುಡುಗಿಯ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಜೋಳದ ರೊಟ್ಟಿಯ ಮನೆಯಲ್ಲಿ ಬಡಿಯುವವಳು ಜೊತೆಗೆ ಕೂತು ಉಣ್ಣುವುದು ಸಾಧ್ಯವೇ ಇಲ್ಲ. ಒಂದೊಂದೇ ಹಂಚಿನಿಂದ ಇಳಿಯಬೇಕು, ಇಳಿದದ್ದು ತಟ್ಟೆಗೆ ಹೋಗಬೇಕು. ನನಗೆ, ಅಜ್ಜಿಗೆ, ಹುಡುಗಿಯ ಅಪ್ಪನಿಗೆ ತಟ್ಟೆ ಬಂತು. ಪುಂಡಿಪಲ್ಯ, ಶೇಂಗಾ ಹಿಂಡಿ, ಮೇಲೆ ಉಬ್ಬಿದ ರೊಟ್ಟಿ. ಹುಡುಗಿ ತನ್ನ ತಟ್ಟೆಯ ಪಕ್ಕ ಇನ್ನೊಂದು ಖಾಲಿ ತಟ್ಟೆ ಇಟ್ಟು, ಕೈ ಕಟ್ಟಿ ಕೂತಳು.

"ಉಣ್ಣಲೇ" ಎಂದ ಅಪ್ಪ.

"ಅವ್ವ ಬರ್ಲಿ, ಎಪ್ಪಾ."

"ಆಕಿ ಬಂದ್ರ ರೊಟ್ಟಿ ಯಾರು ಬಡೀತಾರ?"

"ಗೊತ್ತಿಲ್ಲ. ಆಕಿ ಏನು ಉಣ್ತಾಳ ನಾ ನೋಡಬೇಕು."

ನಾನೂ ತುತ್ತು ಮುರಿಯಲಿಲ್ಲ. ಅತಿಥಿ ಉಣ್ಣದಿದ್ದರೆ ಮನೆಯವರು ಉಣ್ಣುವಂತಿಲ್ಲ. ನನ್ನ ರೊಟ್ಟಿ ಆರುತ್ತಿತ್ತು. ಒಳಗೆ ಅವ್ವ ಗಾಬರಿಯಾಗಿ ಬಡಿಯುವುದನ್ನೇ ನಿಲ್ಲಿಸಿದ್ದಳು. ಅಜ್ಜಿ ಮೊಮ್ಮಗಳು ಇಟ್ಟ ಖಾಲಿ ತಟ್ಟೆಯನ್ನು ನೋಡುತ್ತಾ ಕೂತಳು. ಆಕೆಯೂ ಒಂದು ಕಾಲಕ್ಕೆ ಈ ಮನೆಗೆ ಸೊಸೆಯಾಗಿ ಬಂದವಳೇ ಅಲ್ಲವೇ, ಏನು ನೆನಪಾಯಿತೋ ಎಂದು ನನಗೆ ಕೇಳಬೇಕೆನ್ನಿಸಿತು. ಅವತ್ತೊಂದು ದಿನ ಬಾಯಿ ಕಟ್ಟಿಕೊಂಡೆ.

ಅಜ್ಜಿ ಗೋಡೆ ಹಿಡಿದು ಎದ್ದಳು. ಒಲೆಯ ಮುಂದೆ ಹೋಗಿ ಸೊಸೆಯ ಭುಜ ತಟ್ಟಿದಳು.

"ಏಳ್ ಬೇ. ಹೋಗಿ ಕುಂದ್ರು. ನಾ ಬಡೀತೀನಿ."

ಪಟಪಟ ಸದ್ದು ಮತ್ತೆ ಶುರುವಾಯಿತು, ಮೊದಲಿಗಿಂತ ನಿಧಾನವಾಗಿ. ಅವ್ವ ಸೆರಗಿನಲ್ಲಿ ಕೈ ಒರೆಸಿಕೊಂಡು, ಬೇರೆಯವರ ಮನೆಗೆ ಬಂದವಳ ಹಾಗೆ ಮಗಳ ಪಕ್ಕ ಕೂತಳು. ಅಜ್ಜಿ ಒಳಗಿನಿಂದಲೇ ಕೂಗಿದಳು: "ಏ ಹುಡುಗಿ, ನಾಳಿ ಪರೇಡ್ ಎಷ್ಟೊತ್ತಿಗಿ ಬಿಡ್ತಾರ?"

"ಸಂಜಿ ಬಸ್ಸಿಗೆ ನಾನ ಕರಕೊಂಡು ಬರ್ತೀನ್ರಿ" ಎಂದು ಹುಡುಗಿಗಿಂತ ಮೊದಲೇ ನಾನು ಹೇಳಿದೆ.

ಅಷ್ಟರಲ್ಲಿ ಹಂಚಿನಿಂದ ಇಳಿದ ರೊಟ್ಟಿ ಅವ್ವನ ತಟ್ಟೆಗೆ ಬಂತು. ಆಕೆ ಮುರಿಯಲು ಹೋಗಿ ಫಕ್ಕನೆ ಬೆರಳು ಹಿಂದೆಗೆದಳು, ಆವಿ ಹೊಡೆದಿತ್ತು. ದಿನಾ ಸುಡುವ ಹಂಚಿನಿಂದ ಬರಿಗೈಯಲ್ಲಿ ರೊಟ್ಟಿ ಎತ್ತುವವಳು.

"ಯವ್ವಾ, ಎಷ್ಟು ಬಿಸಿ ಅದ" ಎಂದಳು, ಎಲ್ಲರ ಮುಖ ನೋಡುತ್ತಾ. ನಾವೆಲ್ಲ ಆಕೆ ಉಣ್ಣುವುದನ್ನು ನೋಡಿದೆವು.