ತುಂಬಿದ ಬುಟ್ಟಿ ತಿರುಗಿ ಬಂದದ್ದು

ಚಿತ್ತಾಪುರದ ನಮ್ಮ ಓಣಿಯಲ್ಲಿ ಲಗ್ನದ ರೊಟ್ಟಿಗೆ ಯಜಮಾನಿ ಎಂಬುವಳು ಇರಲಿಲ್ಲ. ಲಗ್ನದ ಮನೆಯವರು ಜೋಳದ ಹಿಟ್ಟಿನ ಬುಟ್ಟಿಯನ್ನು ಪಕ್ಕದ ಮನೆಗೆ ಕೊಟ್ಟರೆ ಮುಗಿಯಿತು. ಆ ಮನೆಯವಳು ರೊಟ್ಟಿ ಬಡಿದುಕೊಡಲು ತನ್ನ ಕೈಲಾದಷ್ಟು ತೆಗೆದುಕೊಂಡು, ಉಳಿದದ್ದನ್ನು ಮುಂದಿನ ಮನೆಗೆ ದಾಟಿಸುವಳು. ಬಾಣಂತಿ ಇದ್ದ ಮನೆ ಒಂದು ಬೊಗಸೆ, ಸೊಸೆಯಂದಿರಿದ್ದ ಮನೆ ಒಂದು ಮೊರ. ಯಾರು ಎಷ್ಟು ತೆಗೆದರೆಂದು ಕೇಳುವ ಪದ್ಧತಿಯಿಲ್ಲ. ಹಿಟ್ಟು ಉಳಿದರೆ ಎರಡನೇ ಸುತ್ತು, ಆದರೆ ಮೊದಲ ಸುತ್ತಿನಲ್ಲಿ ಯಾವ ಮನೆಯನ್ನೂ ಬಿಟ್ಟಿರಬಾರದು. ನನ್ನವ್ವ ಯಾವಾಗಲೂ ಎಲ್ಲರಿಗಿಂತ ಹೆಚ್ಚು ತೆಗೆದುಕೊಳ್ಳುವಳು. ಓಣಿಯವರೆಲ್ಲ ಅತ್ತೆ ಎನ್ನುತ್ತಿದ್ದ ಮೂಲೆಮನೆಯ ಹೆಂಗಸು ಮಾತ್ರ, ಮನೆತುಂಬ ಸೊಸೆಯಂದಿರಿದ್ದರೂ, ಹಿಡಿ ಹಿಟ್ಟು ತೆಗೆದು ಸೊಂಟನೋವು ಅನ್ನುವಳು.

ಅಪ್ಪ ತೀರಿದ ಮರುವರ್ಷ ಆ ಅತ್ತೆಯ ಕಿರಿಮಗನ ಲಗ್ನ. ಅವ್ವ ಒಲೆ ಹೊತ್ತಿಸಿ, ಕೈ ತೊಳೆದು ಬಾಗಿಲಲ್ಲಿ ನಿಂತಿದ್ದಳು. ಪಕ್ಕದ ಮನೆಯವಳು ಬುಟ್ಟಿ ಚಾಚುವಷ್ಟರಲ್ಲಿ ಅತ್ತೆ ಓಣಿಯಿಂದಲೇ ಕೂಗಿದಳು:

"ಏ, ಆ ಮನಿ ಬಿಡ್ರಿ! ಲಗ್ನದ ಹಿಟ್ಟದ, ಮುಂಡಿ ಕೈ ಹತ್ತಬಾರ್ದು."

ಬುಟ್ಟಿ ನಮ್ಮ ಮನೆ ದಾಟಿ ಹೋಯಿತು. ಅವ್ವ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಒಲೆಗೆ ನೀರು ಹಾಕಿದಳು. ನನ್ನ ಹೊಟ್ಟೆಯೊಳಗಿನದು ಆರಲಿಲ್ಲ.

ರಾಜ್ಯಕ್ಕೆ ಕರ್ನಾಟಕವೆಂದು ಹೆಸರು ಬಂದ ಹೊಸತರಲ್ಲಿ ಅತ್ತೆಯ ಮಗಳ ಲಗ್ನ ಗೊತ್ತಾಯಿತು. ನಾನು ನನ್ನ ಗಂಡನ ಊರಾದ ವಾಡಿಯಿಂದ ರೈಲು ಹತ್ತಿ ಬಂದೆ, ಉಣ್ಣಲಿಕ್ಕಲ್ಲ. ಹಿಂದಿನ ದಿನವೇ ಪಕ್ಕದ ಮನೆಯವಳೊಬ್ಬಳಿಗೆ ಹೇಳಿದೆ:

"ಅಕ್ಕಾ, ನಾಳಿ ಬುಟ್ಟಿ ಬಂದ್ರ ಹಿಟ್ಟು ಮುಟ್ಟಬ್ಯಾಡ್ರಿ, ಹಂಗೇ ಮುಂದಿನ ಮನಿಗಿ ಕೊಡ್ರಿ. ಬಾಜು ಮನಿಯಾಕಿಗೂ ಇಷ್ಟೇ ಹೇಳ್ರಿ."

ಯಾಕೆಂದು ಆಕೆ ಕೇಳಲಿಲ್ಲ. ಅತ್ತೆಯ ಸೊಂಟನೋವು ಇಡೀ ಓಣಿಗೆ ಗೊತ್ತಿತ್ತು.

ಮರುದಿನ ಬುಟ್ಟಿ ನಮ್ಮ ಮನೆಯೊಂದನ್ನು ಬಿಟ್ಟು ಓಣಿಯೆಲ್ಲ ಸುತ್ತಿ, ಮಧ್ಯಾಹ್ನ ತುಂಬಿದ್ದು ತುಂಬಿದ ಹಾಗೆಯೇ ಅತ್ತೆಯ ಬಾಗಿಲಿಗೆ ತಿರುಗಿ ಬಂತು. ಬೀಗರು ನಾಳೆ ಬರುವವರು. ಯಜಮಾನಿಯೇ ಇಲ್ಲದ ಕೆಲಸದಲ್ಲಿ ಯಾರನ್ನು ಬೈಯುವುದು? ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ, ಆಕೆಗೆ ಉಣ್ಣಲು ಅದೂ ಬೆಂದಿರಲಿಲ್ಲ. ನಾನು ಕಟ್ಟೆಯ ಮೇಲೆ ಕೂತು ಕಣ್ತುಂಬ ನೋಡಿದೆ.

ಅತ್ತೆ ಎರಡನೇ ಸುತ್ತಿಗೆ ಹೊರಟಾಗ ಮೊದಲ ಮನೆಯವಳೇ ತಡೆದಳು: "ಒಂದು ಮನಿ ಬಿಟ್ಟೀರಲ್ರಿ. ಸುತ್ತು ಪೂರಾ ಆಗ್ದೇ ಹ್ಯಾಂಗ ತಗೊಳ್ಳಲಿ?"

ಇಳಿಹೊತ್ತಿಗೆ ಅತ್ತೆ ಬುಟ್ಟಿಯನ್ನು ತಾನೇ ಹೊತ್ತು ನಮ್ಮ ಬಾಗಿಲಿಗೆ ಬಂದಳು. ಒಳಗೆ ಬಿಡಬೇಡವೆಂದು ಅವ್ವನಿಗೆ ಕಣ್ಸನ್ನೆ ಮಾಡಿದೆ. ಅವ್ವ ನನಗಿಂತ ಗಟ್ಟಿ.

"ಬರ್ರಿ, ಒಲಿ ಮುಂದ ಕುಂದರ್ರಿ. ನಾ ಬಡೀತೀನಿ, ನೀವು ಬೇಯಿಸ್ರಿ."

ಮುಂಡೆಯ ಕೈ ಬಡಿದ ರೊಟ್ಟಿಯನ್ನು ಅತ್ತೆ ಒಂದೊಂದಾಗಿ ಹಂಚಿನ ಮೇಲೆ ತಿರುವಿಹಾಕಿದಳು. ನಮ್ಮ ಹೊಗೆ ಕಂಡ ಮೇಲೆಯೇ ಬುಟ್ಟಿ ಮುಂದೆ ದಾಟಿ, ಓಣಿಯ ಉಳಿದ ಒಲೆಗಳು ಹೊತ್ತಿದವು.

ಲಗ್ನದ ದಿನ ಅತ್ತೆ ಎಲ್ಲರ ಕೊನೆಗೆ ಉಣ್ಣಲು ಕೂತಳು. ನಾನೂ ಅಲ್ಲಿಯವರೆಗೆ ಹಸಿದುಕೊಂಡೇ ಕಾದಿದ್ದು ಎದುರಿಗೆ ಕೂತೆ. ಅವ್ವನ ಅಗಲ ರೊಟ್ಟಿಯನ್ನೇ ಆರಿಸಿ ಬಡಿಸಿದೆ. ಆಕೆ ಅದನ್ನು ಮುರಿದು, ಅಗಿದು, ನುಂಗುವವರೆಗೂ ನಾನು ನನ್ನ ಎಲೆಗೆ ಕೈ ಹಚ್ಚಲಿಲ್ಲ.